ಮರಿ ಮಂಕಾಗಿದೆ: ಬ್ರೂಡರಿನಲ್ಲೇ ಬಿಡುವುದೋ, ಬೇರೆ ಇಡುವುದೋ?

ಬೆಳಿಗ್ಗೆ ಬ್ರೂಡರಿನ, ಅಂದರೆ ಕಾವು ಕೊಟ್ಟು ಮರಿ ಸಾಕುವ ಗೂಡಿನ, ಮುಚ್ಚಳ ತೆಗೆದಾಗ ಇಪ್ಪತ್ತು ಕೋಳಿಮರಿಗಳಲ್ಲಿ ಹತ್ತೊಂಬತ್ತು ಮೇವಿನ ತಟ್ಟೆಗೆ ಓಡಿ ಬರುತ್ತವೆ. ಒಂದು ಮಾತ್ರ ಮೂಲೆಯಲ್ಲಿ ತುಪ್ಪುಳ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ ನಿಂತಿರುತ್ತದೆ. ಇಂಥ ಮರಿ ಕಂಡವರು ನನ್ನನ್ನು ಮೊದಲು ಕೇಳುವುದು "ಯಾವ ಔಷಧಿ ಹಾಕಲಿ?" ಎಂದು. ಅದಕ್ಕೂ ಮುಂಚೆ ತೀರ್ಮಾನ ಆಗಬೇಕಾದ ಮಾತೊಂದಿದೆ: ಈ ಮರಿ ಇನ್ನೆರಡು ದಿನ ಎಲ್ಲಿರಬೇಕು? ಉಳಿದವುಗಳ ಜೊತೆಗೇ ಬಿಡಬೇಕೆ, ಅದೇ ಬ್ರೂಡರಿನಲ್ಲಿ ಜಾಲರಿ ಅಡ್ಡ ಇಡಬೇಕೆ, ಬೇರೆ ಪೆಟ್ಟಿಗೆಗೆ ಹಾಕಬೇಕೆ, ಕಾವು ಕೂತ ಹೇಂಟೆಯ ರೆಕ್ಕೆಯಡಿ ಸೇರಿಸಬೇಕೆ?

ಈ ತೀರ್ಮಾನ ಸರಿಯಾದರೆ ಎಷ್ಟೋ ಮರಿಗಳು ಔಷಧಿಯಿಲ್ಲದೆಯೇ ಎದ್ದು ನಿಲ್ಲುತ್ತವೆ. ತಪ್ಪಾದರೆ ಒಳ್ಳೆಯ ಔಷಧಿಯೂ ಕೈಕೊಡುತ್ತದೆ. ಕಾರಣ ಸರಳ. ಮೊಟ್ಟೆಯಿಂದ ಬಂದ ಮೊದಲ ಎರಡು ವಾರ ಮರಿಗೆ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಪೂರ್ತಿ ಬಂದಿರುವುದಿಲ್ಲ. ಮೈ ತಣ್ಣಗಾದ ಮರಿ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಕುಡಿಯದ ಮರಿಗೆ ನೀರಿನಲ್ಲಿ ಬೆರೆಸಿದ ಔಷಧಿ ತಲುಪುವುದೇ ಇಲ್ಲ.

ತೀರ್ಮಾನಕ್ಕೆ ಮುಂಚೆ ಐದು ನಿಮಿಷ

ಮರಿಯನ್ನು ಅಂಗೈ ಮೇಲೆ ತೆಗೆದುಕೊಳ್ಳಿ. ಮೊದಲು ಪಾದ ಮುಟ್ಟಿ. ಆರೋಗ್ಯವಾದ ಮರಿಯ ಪಾದ ನಿಮ್ಮ ಬೆರಳಿಗೆ ಬೆಚ್ಚಗೆ ತಾಕುತ್ತದೆ. ತಣ್ಣಗಿದ್ದರೆ ಉಳಿದೆಲ್ಲ ಪರೀಕ್ಷೆ ಆಮೇಲೆ, ಮೊದಲು ಕಾವು. ನಂತರ ಬಾಲದ ಕೆಳಗೆ ನೋಡಿ: ಹಿಕ್ಕೆ ಒಣಗಿ ಮೆತ್ತಿಕೊಂಡು ಗುದದ್ವಾರ ಮುಚ್ಚಿದೆಯೇ? ಅದಕ್ಕಿಂತ ಕೆಳಗೆ, ಹೊಟ್ಟೆಯ ಕಡೆ, ಹೊಕ್ಕುಳು ಇರುತ್ತದೆ. ಅದು ಒಣಗಿದೆಯೇ, ಒದ್ದೆಯಾಗಿ ಕೆಂಪಾಗಿದೆಯೇ? ಹೊಟ್ಟೆ ಬಿಗಿದು ಊದಿದೆಯೇ? ಕಾಲು ಎರಡೂ ಕಡೆ ಚಾಚಿಕೊಂಡಿದೆಯೇ, ಬೆರಳುಗಳು ಒಳಕ್ಕೆ ಮಡಚಿವೆಯೇ? ಕೊಕ್ಕು ತೆರೆದು ಉಸಿರಾಡುತ್ತಿದೆಯೇ? ಕಿವಿಯ ಹತ್ತಿರ ಹಿಡಿದರೆ ಗೊರಗೊರ ಕೇಳುತ್ತದೆಯೇ? ಕೊನೆಗೆ ಕಾಗದದ ಮೇಲೆ ಬಿಟ್ಟು ಹಿಕ್ಕೆ ಹಾಕುವವರೆಗೆ ಕಾಯಿರಿ. ಹಿಕ್ಕೆಯ ಬಣ್ಣ ಹೇಳುವಷ್ಟನ್ನು ಬೇರೆ ಯಾವುದೂ ಹೇಳುವುದಿಲ್ಲ.

ಇಷ್ಟು ಕೈಯಲ್ಲಿದ್ದರೆ ಜಾಗದ ಆಯ್ಕೆಯನ್ನು ನಾಲ್ಕು ಮಾತಿನಲ್ಲಿ ಅಳೆಯಬಹುದು. ಒಂದು, ಇದು ಬೇರೆ ಮರಿಗಳಿಗೆ ಹರಡುವ ಕಾಯಿಲೆಯೇ? ಎರಡು, ಅಲ್ಲಿ ಆ ಮರಿಗೆ ಬೇಕಾದಷ್ಟು ಕಾವು ಬಿಡುವಿಲ್ಲದೆ ಸಿಗುತ್ತದೆಯೇ? ಮೂರು, ಉಳಿದವು ಅದನ್ನು ಕುಕ್ಕುವ, ತುಳಿಯುವ ಅಪಾಯ ಎಷ್ಟು? ನಾಲ್ಕು, ಅದು ಎಷ್ಟು ತಿಂದಿತು, ಎಂಥ ಹಿಕ್ಕೆ ಹಾಕಿತು ಎಂದು ನೋಡಿಕೊಳ್ಳಲು ನಿಮಗೆ ಸಾಧ್ಯವೇ? ಇವುಗಳ ಜೊತೆಗೆ ಒಂಟಿತನದ ಮಾತೂ ಇದೆ. ಗುಂಪು ಬಿಟ್ಟ ಮರಿ ಗಂಟೆಗಟ್ಟಲೆ ಚೀರುತ್ತದೆ, ಚೀರಿ ಚೀರಿ ಸುಸ್ತಾಗುತ್ತದೆ. ಇದನ್ನು ಭಾವುಕತೆ ಎಂದು ತಳ್ಳಿಹಾಕಬೇಡಿ. ಸುಸ್ತಾದ ಮರಿಯ ಮೈಯಲ್ಲಿರುವ ಕೊನೆಯ ತುಸು ಶಕ್ತಿಯೂ ಆ ಕೂಗಿನಲ್ಲೇ ಹೋಗುತ್ತದೆ.

ವಯಸ್ಸೂ ದಾರಿ ತೋರಿಸುತ್ತದೆ. ಮೊದಲ ಮೂರ್ನಾಲ್ಕು ದಿನದ ತೊಂದರೆಗಳು ಹೆಚ್ಚಾಗಿ ಚಳಿ, ನೀರಿನ ಕೊರತೆ, ಹಿಂಭಾಗ ಮೆತ್ತಿಕೊಳ್ಳುವುದು, ಹೊಕ್ಕುಳಿನ ಸೋಂಕು. ಮೊದಲ ಎರಡು ಮೂರು ವಾರದಲ್ಲಿ ಸಾಲ್ಮೊನೆಲ್ಲಾ ಜಾತಿಯ ಬ್ಯಾಕ್ಟೀರಿಯಾದಿಂದ ಬರುವ ಬಿಳಿ ಭೇದಿ (ಪುಲೋರಮ್), ಬೂಷ್ಟು ಹಿಡಿದ ಹಾಸಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಬಿ2 ಜೀವಸತ್ವದ ಕೊರತೆಯಿಂದ ಬೆರಳು ಮಡಚುವುದು. ಮೂರರಿಂದ ಆರು ವಾರದ ನಡುವೆ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುವುದು ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ. ಗಂಬೊರೊ ಎಂಬ ವೈರಸ್ ಕಾಯಿಲೆ ಕೂಡ ಇದೇ ವಯಸ್ಸಿನದು.

ಗುಂಪಿನಲ್ಲೇ ಬಿಡುವುದು

ಇದಕ್ಕೆ ಖರ್ಚಿಲ್ಲ, ಶ್ರಮವಿಲ್ಲ, ಒಂಟಿತನದ ಸಮಸ್ಯೆಯಿಲ್ಲ. ಕಾಯಿಲೆ ಹರಡುವಂಥದ್ದಲ್ಲ, ಮರಿ ನಡೆದಾಡುತ್ತಿದೆ, ತಿನ್ನುತ್ತಿದೆ ಎಂದಾದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡ ಮರಿ ಇದಕ್ಕೆ ಸರಿಯಾದ ಉದಾಹರಣೆ. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒತ್ತಿ ಹಿಡಿಯಿರಿ. ಗಟ್ಟಿಯಾದದ್ದು ತಾನೇ ಮೆತ್ತಗಾಗಿ ಕಳಚುವವರೆಗೆ ತಾಳ್ಮೆಯಿರಲಿ. ಒಣಗಿದ್ದನ್ನು ಎಳೆದರೆ ತುಪ್ಪುಳದ ಜೊತೆ ಚರ್ಮವೂ ಕಿತ್ತು ಬರುತ್ತದೆ. ಸ್ವಚ್ಛವಾದ ಮೇಲೆ ಪೂರ್ತಿ ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಸವರಿ, ವಾಪಸ್ ಬಿಡಿ. ಒದ್ದೆ ಮೈಯಲ್ಲಿ ಬಿಟ್ಟರೆ ಮಾತ್ರ ಚಳಿ ಹಿಡಿದು, ಒಂದು ಸಮಸ್ಯೆ ಬಗೆಹರಿಸಲು ಹೋಗಿ ಇನ್ನೊಂದು ತಂದುಕೊಂಡಂತೆ.

ಇಲ್ಲಿ ಒಂದು ಎಚ್ಚರ. ಸಾಕಲು ಶುರುಮಾಡಿದ ಮೊದಲ ವರ್ಷ ನಾನು ಎರಡು ದಿನದ ಮರಿಯೊಂದರ ಹೊಕ್ಕುಳಿನ ಒಣ ಹಕ್ಕಳೆಯನ್ನು ಹಿಕ್ಕೆ ಎಂದುಕೊಂಡು ಕೀಳಲು ಹೋದೆ. ಒಂದು ಹನಿ ರಕ್ತ ಬಂದಾಗ ತಪ್ಪು ಗೊತ್ತಾಯಿತು. ಆ ಮರಿ ಮಾರನೆಯ ಸಂಜೆಗೆ ಉಳಿಯಲಿಲ್ಲ. ಗುದದ್ವಾರ ಬಾಲದ ಬುಡಕ್ಕೆ ಹತ್ತಿರ, ಹೊಕ್ಕುಳು ಅದಕ್ಕಿಂತ ಕೆಳಗೆ ಹೊಟ್ಟೆಯ ಮೇಲೆ. ಹೊಸಬರಿಗೆ ಮರಿ ಕೊಡುವಾಗ ಈಗ ನಾನು ಇದನ್ನು ಬೆರಳಿಟ್ಟು ತೋರಿಸದೆ ಕಳಿಸುವುದಿಲ್ಲ.

ಗುಂಪಿನಲ್ಲೇ ಬಿಡುವ ಆಯ್ಕೆ ಸೋಲುವುದು ಎರಡು ಕಡೆ. ರಕ್ತ ಕಂಡ ಮರಿಯನ್ನು ಒಂದು ನಿಮಿಷವೂ ಅಲ್ಲಿ ಬಿಡಬಾರದು. ಕೆಂಪು ಚುಕ್ಕೆ ಕಂಡಲ್ಲಿ ಉಳಿದ ಮರಿಗಳು ಕುಕ್ಕಲು ಶುರುಮಾಡುತ್ತವೆ, ಶುರುಮಾಡಿದರೆ ನಿಲ್ಲಿಸುವುದಿಲ್ಲ. ಇನ್ನು, ನಿಲ್ಲಲಾರದ ಮರಿ ರಾತ್ರಿ ಗುಂಪಿನ ಕೆಳಗೆ ಸಿಕ್ಕಿ ಉಸಿರುಗಟ್ಟುತ್ತದೆ. ಇಪ್ಪತ್ತರ ನಡುವೆ ಯಾವುದು ತಿಂದಿತು, ಯಾವುದರ ಹಿಕ್ಕೆ ಯಾವುದು ಎಂದು ಗೊತ್ತಾಗದಿರುವುದೂ ಕೊರತೆಯೇ.

ಬಹಳ ಸಲ ಗುಂಪಿನಲ್ಲಿ ಕಾಯಿಲೆಯಂತೆ ಕಾಣುವುದು ಬ್ರೂಡರಿನದೇ ದೋಷವಾಗಿರುತ್ತದೆ. ಎಲ್ಲ ಮರಿಗಳೂ ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಡ್ಡೆಯಾಗಿದ್ದರೆ ಚಳಿ. ಗೋಡೆಗೆ ಅಂಟಿಕೊಂಡು ರೆಕ್ಕೆ ಬಿಚ್ಚಿ ಬಾಯ್ತೆರೆದಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಎಲ್ಲಿಂದಲೋ ಗಾಳಿ ಹೊಡೆಯುತ್ತಿದೆ. ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ, ಪುಕ್ಕ ಪೂರ್ತಿ ಬಂದಾಗ 21ರ ಆಸುಪಾಸಿಗೆ ತಂದರೆ ಸಾಕು. ಒಂದೇ ದಿನ ಮೂರು ನಾಲ್ಕು ಮರಿ ಮಂಕಾದರೆ, ಮರಿಗಳನ್ನು ಎತ್ತುವ ಮೊದಲು ಥರ್ಮಾಮೀಟರ್ ಎತ್ತಿ.

ಬ್ರೂಡರಿನೊಳಗೇ ಜಾಲರಿ ಅಡ್ಡ ಇಡುವುದು

ನನಗೆ ಅತಿ ಇಷ್ಟವಾದ ವಿಧಾನ ಇದು, ಆದರೆ ಎಲ್ಲ ಕಾಯಿಲೆಗೂ ಅಲ್ಲ. ಬ್ರೂಡರಿನ ಒಂದು ಮೂಲೆಯನ್ನು ಸಣ್ಣ ಕಣ್ಣಿನ ತಂತಿ ಜಾಲರಿಯಿಂದ ಬೇರೆ ಮಾಡಿ. ಬಲ್ಬಿನ ಕಾವು ಎರಡೂ ಕಡೆಗೆ ಹಂಚಿಹೋಗುವಂತಿರಲಿ. ಮರಿಗೆ ತನ್ನದೇ ಮೇವು, ತನ್ನದೇ ನೀರು. ಸಂಗಾತಿಗಳು ಕಾಣಿಸುತ್ತವೆ, ಕೇಳಿಸುತ್ತವೆ. ರಾತ್ರಿ ಜಾಲರಿಯ ಈ ಬದಿಗೊಂದು, ಆ ಬದಿಗೆರಡು ಒರಗಿ ಮಲಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಚೀರಾಟವೂ ಇಲ್ಲ, ತುಳಿತವೂ ಇಲ್ಲ. ವಾಪಸ್ ಸೇರಿಸುವಾಗ ಜಗಳವೂ ಇಲ್ಲ, ಏಕೆಂದರೆ ಅದು ಗುಂಪು ಬಿಟ್ಟೇ ಇರಲಿಲ್ಲ.

ಕಾಲುಗಳು ಜಾರಿ ಎರಡೂ ಕಡೆ ಚಾಚಿಕೊಂಡ ಮರಿಗೆ ಇದಕ್ಕಿಂತ ತಕ್ಕದ್ದಿಲ್ಲ. ನುಣುಪಾದ ಕಾಗದದ ಮೇಲೆ ಬೆಳೆದ ಮರಿಗಳಲ್ಲಿ ಈ ತೊಂದರೆ ಹೆಚ್ಚು. ಅಂಟುವ ಪಟ್ಟಿಯ ತೆಳು ತುಂಡಿನಿಂದ ಎರಡೂ ಕಾಲುಗಳನ್ನು, ಮರಿ ಸಹಜವಾಗಿ ನಿಂತಾಗ ಇರುವಷ್ಟೇ ಅಂತರದಲ್ಲಿ, ಸೇರಿಸಿ ಕಟ್ಟಬೇಕು. ಬಿಗಿಯಾದರೆ ರಕ್ತ ಓಡುವುದಿಲ್ಲ, ಪಾದ ಊದುತ್ತದೆ. ಕೆಳಗೆ ಒರಟು ಬಟ್ಟೆ ಹಾಸಿ. ಹುಟ್ಟಿದ ಒಂದೆರಡು ದಿನದಲ್ಲೇ ಕಟ್ಟಿದರೆ ಎರಡರಿಂದ ಐದು ದಿನದಲ್ಲಿ ಬಹುತೇಕ ಮರಿಗಳು ನೆಟ್ಟಗೆ ನಿಲ್ಲುತ್ತವೆ. ವಾರ ಕಳೆದ ಮೇಲೆ ಕಟ್ಟಿದರೆ ಫಲ ಕಡಿಮೆ. ಬೆರಳು ಮಡಚಿ ಮಂಡಿಯೂರಿ ಕೂರುವ ಮರಿಗೂ ಈ ಮೂಲೆಯೇ ಸರಿ, ಅದಕ್ಕೆ ಬೇಕಾದದ್ದು ಬಿ2 ಇರುವ ವಿಟಮಿನ್ ನೀರು. ಬೇಗ ಗುರುತಿಸಿದರೆ ಸುಧಾರಿಸುತ್ತದೆ, ನರ ಹಾಳಾದ ಮೇಲೆ ಕಷ್ಟ. ಒಂದಕ್ಕಿಂತ ಹೆಚ್ಚು ಮರಿಗಳಲ್ಲಿ ಕಂಡರೆ ಮೇವನ್ನೇ ಬದಲಿಸಬೇಕು.

ಜಾಲರಿ ತಡೆಯಲಾರದ್ದು ಧೂಳು, ಹಿಕ್ಕೆ, ಉಸಿರು. ಭೇದಿ, ಕೆಮ್ಮು, ಮೂಗು ಸೋರುವುದು, ಗೊರಗೊರ ಸದ್ದು, ಇವುಗಳಲ್ಲಿ ಯಾವುದಿದ್ದರೂ ಈ ವ್ಯವಸ್ಥೆ ಕಣ್ಣಿಗೆ ಮಾತ್ರ ಬೇರ್ಪಡಿಕೆ. ಬ್ರೂಡರ್ ತೀರಾ ಚಿಕ್ಕದಿದ್ದರೂ ಬೇಡ. ಮೂಲೆಯಲ್ಲಿ ಬಲ್ಬಿನ ಕಾವು ತಪ್ಪಿಸಿಕೊಂಡು ಸರಿಯಲು ಜಾಗವಿಲ್ಲದಿದ್ದರೆ ದುರ್ಬಲ ಮರಿ ಬೆಂದೇ ಹೋಗುತ್ತದೆ.

ಬೇರೆ ಪೆಟ್ಟಿಗೆ

ಹರಡುವ ಕಾಯಿಲೆಯ ಅನುಮಾನ ಬಂದ ಕೂಡಲೇ ಇದೇ ದಾರಿ. ಗಾಳಿಯಾಡಲು ತೂತು ಕೊರೆದ ರಟ್ಟಿನ ಪೆಟ್ಟಿಗೆಯಾದರೂ ಸರಿ, ತೊಳೆಯಬಹುದಾದ ಪ್ಲಾಸ್ಟಿಕ್ ಡಬ್ಬಿಯಾದರೂ ಸರಿ. ರಟ್ಟಿನದ್ದನ್ನು ಬಳಸಿ ಸುಟ್ಟುಬಿಡಬಹುದು ಎಂಬುದು ಸೋಂಕಿನ ದೃಷ್ಟಿಯಿಂದ ಲಾಭ. ಪ್ಲಾಸ್ಟಿಕ್ ಬಾಳಿಕೆ ಬರುತ್ತದೆ, ಆದರೆ ತಳ ಜಾರುತ್ತದೆ, ಬಟ್ಟೆ ಹಾಸಲೇಬೇಕು. ಬಿಳಿ ಬಟ್ಟೆ ಅಥವಾ ಒರೆಸುವ ದಪ್ಪ ಕಾಗದ ಹಾಸಿದರೆ ಹಿಕ್ಕೆಯ ಬಣ್ಣ ಎದ್ದು ಕಾಣುತ್ತದೆ. ಒಂದು ಕೊನೆಯಲ್ಲಿ ಕಾವು, ಇನ್ನೊಂದು ಕೊನೆ ತಂಪು, ನಡುವೆ ನೀರು. ಮರಿ ತಾನೇ ಆರಿಸಿಕೊಳ್ಳುವಷ್ಟು ಉದ್ದವಿರಲಿ, ಅರ್ಧ ಮೀಟರ್ ಸಾಕು. ಅದರ ವಯಸ್ಸಿಗಿಂತ ಒಂದು ವಾರ ಚಿಕ್ಕ ಮರಿಗೆ ಕೊಡುವಷ್ಟು ಕಾವು ಕೊಡುವುದು ನನ್ನ ಲೆಕ್ಕ. ತಿನ್ನದ ಮೈಗೆ ಒಳಗಿನಿಂದ ಶಾಖ ಹುಟ್ಟುವುದಿಲ್ಲ.

ಇಲ್ಲಿ ಜನ ಹೆಚ್ಚು ಎಡವುವುದು ಕಾವಿನ ಸಾಧನದಲ್ಲಿ, ಹಾಗಾಗಿ ಅದನ್ನೂ ತೂಗಿ ನೋಡೋಣ. ದೊಡ್ಡ ಬ್ರೂಡರಿನ 250 ವ್ಯಾಟ್ ಇನ್‌ಫ್ರಾರೆಡ್ ಬಲ್ಬನ್ನು ಸಣ್ಣ ಪೆಟ್ಟಿಗೆಗೆ ತೂಗುಹಾಕಿದರೆ ಅದು ಒಲೆಯಾಗುತ್ತದೆ, ರಟ್ಟಿಗೆ ಬೆಂಕಿ ಹತ್ತುವ ಭಯ ಬೇರೆ. ಪೆಟ್ಟಿಗೆಗೆ 40 ಅಥವಾ 60 ವ್ಯಾಟಿನ ಹಳೆಯ ಮಾದರಿಯ ಬಲ್ಬ್ ಸಾಕು. ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಬಲ್ಬ್ ಅಗ್ಗ, ಆದರೆ ರಾತ್ರಿಯಿಡೀ ಬೆಳಕಿದ್ದರೆ ಕಾಯಿಲೆಯ ಮರಿಗೆ ನಿದ್ದೆಯಿಲ್ಲ. ಬೆಳಕಿಲ್ಲದೆ ಕಾವು ಮಾತ್ರ ಕೊಡುವ ಸೆರಾಮಿಕ್ ಸಾಧನಕ್ಕೆ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಪಿಂಗಾಣಿ ಹೋಲ್ಡರೇ ಬೇಕು. ಪದೇ ಪದೇ ಮರಿ ಸಾಕುವವರಿಗೆ ಅದೇ ಒಳ್ಳೆಯದು. ಮರಿಗಳು ಕೆಳಗೆ ನುಸುಳಿ ಬೆನ್ನು ತಾಗಿಸಿಕೊಳ್ಳುವ ಹೀಟಿಂಗ್ ಪ್ಲೇಟ್ ಆರೋಗ್ಯವಂತ ಮರಿಗಳಿಗೆ ನಾನು ಕಂಡ ಅತ್ಯಂತ ಸುರಕ್ಷಿತ ಸಾಧನ, ಕರೆಂಟೂ ಕಡಿಮೆ. ಕಾಯಿಲೆಯ ಮರಿಗೆ ಮಾತ್ರ ನಾನು ಹೇಳುವುದಿಲ್ಲ. ಅದು ಸುತ್ತಲಿನ ಗಾಳಿಯನ್ನು ಬಿಸಿ ಮಾಡುವುದಿಲ್ಲ. ಎದ್ದು ಅದರಡಿ ಹೋಗುವ ಶಕ್ತಿಯಿಲ್ಲದ ಮರಿ ಪಕ್ಕದಲ್ಲೇ ಚಳಿಗೆ ಬಿದ್ದಿರುತ್ತದೆ, ಒಳಗೆ ಹೋದರೆ ನಮಗೆ ಕಾಣುವುದಿಲ್ಲ. ಕರೆಂಟ್ ಹೋದಾಗ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಎರಡು ಮೂರು ಗಂಟೆ ಕಾಪಾಡುತ್ತದೆ. ಅದು ರಾತ್ರಿ ಎದ್ದು ನೀರು ಬದಲಿಸುವವರ ಸಾಧನ. ಯಾವ ಬಲ್ಬ್ ಕೊಂಡರೂ ಒಡೆಯದಂತೆ ಟೆಫ್ಲಾನ್ ಲೇಪಿಸಿದ್ದನ್ನು ಕೊಳ್ಳಬೇಡಿ. ಆ ಲೇಪ ಕಾದಾಗ ಹೊರಡುವ ಹೊಗೆ ಹಕ್ಕಿಗಳ ಶ್ವಾಸಕೋಶಕ್ಕೆ ವಿಷ, ಕೆಲವೇ ಗಂಟೆಗಳಲ್ಲಿ ಇಡೀ ಗುಂಪು ಸಾಯಬಹುದು.

ಬೇರೆ ಪೆಟ್ಟಿಗೆಯ ದೊಡ್ಡ ಬೆಲೆ ಒಂಟಿತನ. ಒಮ್ಮೆ ಮೂರು ವಾರದ ಮರಿಯೊಂದನ್ನು ಬೇರೆ ಕೋಣೆಗೆ ಒಯ್ದಿಟ್ಟೆ. ರಾತ್ರಿ ಹನ್ನೊಂದರವರೆಗೂ ಅದೇ ಎತ್ತರದ, ಒಂದೇ ಸಮನೆಯ ಕೂಗು. ಗುಂಪಿನಲ್ಲಿರುವಾಗ ಮರಿ ಮಾಡುವ ಗುಳುಗುಳು ಸದ್ದಿಗೂ ಈ ಕೂಗಿಗೂ ಸಂಬಂಧವೇ ಇಲ್ಲ. ಎದ್ದು ಹೋಗಿ, ಗುಂಪಿನಲ್ಲಿದ್ದ ಅತಿ ಸಾಧು ಮರಿಯೊಂದನ್ನು ತಂದು ಪಕ್ಕಕ್ಕೆ ಬಿಟ್ಟೆ. ಕಾಯಿಲೆಯದು ಅದರ ರೆಕ್ಕೆಯ ಕೆಳಗೆ ತಲೆ ತೂರಿಸಿತು, ಎರಡು ನಿಮಿಷದಲ್ಲಿ ಮೌನ. ಅದು ರಕ್ತಭೇದಿಯ ಮರಿ, ಗುಂಪಿಗೆಲ್ಲ ಔಷಧಿ ನಡೆಯುತ್ತಿತ್ತು, ಹಾಗಾಗಿ ಸಂಗಾತಿಗೆ ಹೊಸ ಅಪಾಯವೇನೂ ಇರಲಿಲ್ಲ. ಉಸಿರಾಟದ ತೊಂದರೆಯಿದ್ದರೆ ಹೀಗೆ ಮಾಡುವುದಿಲ್ಲ. ಆಗ ಎರಡು ಕಾಯಿಲೆ ಮರಿಗಳಿದ್ದರೆ ಅವನ್ನೇ ಒಟ್ಟಿಗೆ ಇಡುತ್ತೇನೆ. ಒಂದೇ ಇದ್ದರೆ ಮೆತ್ತನೆಯ ಬಟ್ಟೆಯ ಪಟ್ಟಿಗಳನ್ನು ಬೆನ್ನಿಗೆ ತಾಗುವಂತೆ ಇಳಿಬಿಟ್ಟು, ಪಕ್ಕದಲ್ಲಿ ಚಿಕ್ಕ ಕನ್ನಡಿ ಇಡುತ್ತೇನೆ. ಸಂಗಾತಿಯಷ್ಟಲ್ಲ, ಆದರೂ ಕೂಗು ಇಳಿಯುತ್ತದೆ.

ರಕ್ತಭೇದಿಯ ಮರಿಯ ಬಗ್ಗೆ ಪ್ರತ್ಯೇಕವಾಗಿ

ಮೂರರಿಂದ ಆರು ವಾರದ ಮರಿ ಗೂನಾಗಿ ನಿಂತಿದೆ, ಹಿಕ್ಕೆಯಲ್ಲಿ ರಕ್ತ ಅಥವಾ ಕೆಂಗಂದು ಲೋಳೆ ಇದೆ. ಈ ಸ್ಥಿತಿಯಲ್ಲಿ ಬೇರೆ ಇಡುವುದೋ ಬೇಡವೋ ಎಂಬ ಪ್ರಶ್ನೆಯೇ ಅರ್ಧ ಮಾತ್ರ. ಐಮೇರಿಯಾ ಎಂಬ ಏಕಕೋಶ ಪರೋಪಜೀವಿ ಹಿಕ್ಕೆಯಲ್ಲಿ ಹೊರಬಂದು, ಬೆಚ್ಚಗಿನ ಒದ್ದೆ ಹಾಸಿನಲ್ಲಿ ಒಂದೆರಡು ದಿನದಲ್ಲೇ ಸೋಂಕು ಹರಡಲು ಸಿದ್ಧವಾಗುತ್ತದೆ. ಒಂದು ಮರಿಯಲ್ಲಿ ರಕ್ತ ಕಂಡ ದಿನ ಉಳಿದವೂ ಅದೇ ಹಾಸನ್ನು ಕೆದಕಿ ತಿಂದಾಗಿದೆ. ಕಾಯಿಲೆ ಮರಿಯನ್ನು ಮಾತ್ರ ಎತ್ತಿಟ್ಟು ಅದಕ್ಕಷ್ಟೇ ಔಷಧಿ ಕೊಟ್ಟವರಿಗೆ ಮೂರನೆಯ ದಿನ ಇನ್ನೂ ನಾಲ್ಕು ಮರಿ ಎತ್ತಬೇಕಾಗುತ್ತದೆ.

ಹಾಗಾಗಿ ಎರಡೂ ನಡೆಯಬೇಕು. ಗುಂಪಿಗೆಲ್ಲ ನೀರಿನಲ್ಲಿ ಆಂಪ್ರೋಲಿಯಂ, ಜೊತೆಗೆ ಕಾಯಿಲೆ ಮರಿಗೆ ಬೇರೆ ಪೆಟ್ಟಿಗೆ. ಅದು ಗುಂಪಿನ ನೂಕಾಟದಲ್ಲಿ ನೀರಿನವರೆಗೆ ಹೋಗುವುದಿಲ್ಲ, ಹೋಗದಿದ್ದರೆ ಔಷಧಿಯೂ ಇಲ್ಲ. ಸಾಮಾನ್ಯ ಪ್ರಮಾಣ ನೀರಿನಲ್ಲಿ ಶೇ. 0.024, ಮೂರರಿಂದ ಐದು ದಿನ. ಶೇ. 20ರ ಪುಡಿಯಾದರೆ ಲೀಟರಿಗೆ 1.2 ಗ್ರಾಂ. ಆಮೇಲೆ ಶೇ. 0.006ಕ್ಕೆ ಇಳಿಸಿ ಒಂದೆರಡು ವಾರ. ಬೇರೆ ಬೇರೆ ಸಾಂದ್ರತೆಯಲ್ಲಿ ಸಿಗುವುದರಿಂದ ಪೊಟ್ಟಣದ ಮೇಲಿನ ಲೆಕ್ಕವನ್ನೇ ನೋಡಿಕೊಳ್ಳಿ. ದಿನವೂ ಹೊಸದಾಗಿ ಬೆರೆಸಿ, ಬೇರೆ ನೀರಿನ ಪಾತ್ರೆ ಇಡಬೇಡಿ. ಈ ಔಷಧಿ ಕೆಲಸ ಮಾಡುವುದೇ ಪರೋಪಜೀವಿಗೆ ಬಿ1 ಜೀವಸತ್ವ ಸಿಗದಂತೆ ಮಾಡಿ. ಅದೇ ಹೊತ್ತಿನಲ್ಲಿ ಒಳ್ಳೆಯದಾಗಲಿ ಎಂದು ಬಿ ಕಾಂಪ್ಲೆಕ್ಸ್ ಬೆರೆಸಿದರೆ ಔಷಧಿಯ ಕೈ ಕಟ್ಟಿದಂತಾಗುತ್ತದೆ. ವಿಟಮಿನ್ ಕೊಡುವುದು ಚಿಕಿತ್ಸೆ ಮುಗಿದ ಮೇಲೆ.

ಹಾಸನ್ನು ಪೂರ್ತಿ ತೆಗೆದು ಒಣಗಿದ್ದು ಹಾಕಿ. ಮನೆಯಲ್ಲಿ ಬಳಸುವ ಬ್ಲೀಚಿಗೆ ಐಮೇರಿಯಾದ ಗಟ್ಟಿ ಕೋಶ ಬಗ್ಗುವುದಿಲ್ಲ. ಒಣಗಿಸುವುದೇ ನಿಜವಾದ ಮದ್ದು. ನೀರಿನ ಪಾತ್ರೆಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಏರಿಸಿದರೆ ಹಿಕ್ಕೆ ಬೀಳುವುದೂ ನಿಲ್ಲುತ್ತದೆ, ಹಾಸು ಒದ್ದೆಯಾಗುವುದೂ ನಿಲ್ಲುತ್ತದೆ.

ಹೇಂಟೆಯ ಕೆಳಗೆ ಸೇರಿಸುವುದು

ಕಾವು ಕೂತ ಹೇಂಟೆ ಇದ್ದರೆ ಮನಸ್ಸು ಆ ಕಡೆ ಎಳೆಯುವುದು ಸಹಜ. ಅದರ ಮೈಯ ಕಾವನ್ನು ಯಾವ ಬಲ್ಬೂ ಕೊಡಲಾರದು. ಆದರೆ ಈ ಆಯ್ಕೆ ಸಲ್ಲುವುದು ಒಂದೇ ಒಂದು ಸಂದರ್ಭಕ್ಕೆ: ಹುಟ್ಟಿ ಎರಡು ಮೂರು ದಿನದೊಳಗಿನ, ಚಳಿ ಹಿಡಿದಿದ್ದು ಬಿಟ್ಟರೆ ಬೇರೇನೂ ಇಲ್ಲದ, ಕಾವು ಕೊಟ್ಟ ಮೇಲೆ ಎದ್ದು ನಿಂತ ಮರಿ. ಅದನ್ನೂ ಕತ್ತಲಾದ ಮೇಲೆ ಸೇರಿಸಿ, ಬೆಳಿಗ್ಗೆ ಬೇಗ ಎದ್ದು ನೋಡಬೇಕು. ದೊಡ್ಡ ಮರಿಯನ್ನು ಹೇಂಟೆ ಒಪ್ಪುವುದು ಕಡಿಮೆ. ನಡೆಯಲಾರದ್ದನ್ನು ಹಿಂದೆ ಬಿಟ್ಟು ಮುಂದೆ ಹೋಗುತ್ತದೆ, ಕೆಲವು ಕುಕ್ಕಿ ದೂರವಿಡುತ್ತವೆ. ದೊಡ್ಡ ಕೋಳಿಗಳು ತಮಗೆ ಲಕ್ಷಣವಿಲ್ಲದೆಯೂ ಐಮೇರಿಯಾ, ಉಸಿರಾಟದ ಕಾಯಿಲೆ ತರುವ ಮೈಕೊಪ್ಲಾಸ್ಮಾದಂಥವನ್ನು ಹೊತ್ತಿರುತ್ತವೆ. ಸೋತ ಮರಿಗೆ ಆ ಸಂಪರ್ಕ ಬೇಡ.

ಪೆಟ್ಟಿಗೆಯೊಳಗೆ ಏನು ಕೊಡುವುದು

ಮೊದಲ ಗಂಟೆ ಕಾವು ಮಾತ್ರ. ಮೈ ಬೆಚ್ಚಗಾಗುವ ಮುಂಚೆ ಬಾಯಿಗೆ ಏನನ್ನೂ ಹಾಕಬೇಡಿ. ಆಮೇಲೆ ಉಗುರುಬೆಚ್ಚಗಿನ ನೀರಿನ ಒಂದು ಹನಿಯನ್ನು ಕೊಕ್ಕಿನ ಪಕ್ಕಕ್ಕೆ ತಾಗಿಸಿ. ಅದು ಕೊಕ್ಕು ಮೇಲೆತ್ತಿ ನುಂಗುವುದನ್ನು ನೋಡಿ, ನಂತರ ಇನ್ನೊಂದು. ಡ್ರಾಪರಿನಿಂದ ಬಾಯೊಳಗೆ ಒತ್ತಿದರೆ ನೀರು ಶ್ವಾಸಕೋಶಕ್ಕೆ ಹೋಗಿ, ಕಾಯಿಲೆ ಕೊಲ್ಲದ್ದನ್ನು ನಮ್ಮ ಅವಸರ ಕೊಲ್ಲುತ್ತದೆ. ದೂರದಿಂದ ತಂದು ಸೊರಗಿದ ಮರಿಗೆ ಮೊದಲ ಕೆಲವು ಗಂಟೆ ಲೀಟರಿಗೆ ಒಂದು ದೊಡ್ಡ ಚಮಚ ಸಕ್ಕರೆ ಬೆರೆಸಿದ ನೀರು ಸಾಕು. ಭೇದಿಯಾಗುತ್ತಿದ್ದರೆ ಕೋಳಿಗಳ ಎಲೆಕ್ಟ್ರೊಲೈಟ್ ಪುಡಿ ಮೇಲು, ಒಂದೆರಡು ದಿನಕ್ಕೆ ಮಾತ್ರ. ಅಂದಾಜಿನಲ್ಲಿ ಉಪ್ಪು ಬೆರೆಸುವುದನ್ನು ನಾನು ಒಪ್ಪುವುದಿಲ್ಲ, ಚಿಕ್ಕ ಮರಿಗೆ ಉಪ್ಪು ಸ್ವಲ್ಪ ಹೆಚ್ಚಾದರೂ ವಿಷ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿ, ದುರ್ಬಲ ಮರಿ ಒಂದು ಸೆಂಟಿಮೀಟರ್ ನೀರಿನಲ್ಲೂ ಮುಳುಗುತ್ತದೆ. ತಿನ್ನದಿದ್ದರೆ ಚಿಕ್ಕ ಮರಿಗಳ ಸ್ಟಾರ್ಟರ್ ಮೇವನ್ನೇ ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡಿ, ಎರಡು ಗಂಟೆಗೊಮ್ಮೆ ಬದಲಿಸಿ, ಹುಳಿಯಾಗಲು ಬಿಡಬೇಡಿ.

ಆಂಟಿಬಯೋಟಿಕ್ ವಿಷಯಕ್ಕೆ ಬಂದರೆ ನಾನು ಬಿಗಿ. ವೈರಸ್ಸಿಗೆ ಅದು ಕೆಲಸ ಮಾಡುವುದಿಲ್ಲ, ಬೂಷ್ಟಿಗೂ ಇಲ್ಲ, ಐಮೇರಿಯಾಕ್ಕೆ ಬೇಕಾದದ್ದೇ ಬೇರೆ. ಮನುಷ್ಯರಿಗೂ ಬೇಕಾಗುವ ಔಷಧಿಗಳು ಇವು. ಕೋಳಿಗಳಿಂದ ಮದ್ದಿಗೆ ಬಗ್ಗದ ರೋಗಾಣು ಹುಟ್ಟುವ ಭಯದಿಂದಲೇ ಅಮೆರಿಕ 2005ರಲ್ಲಿ ಕೋಳಿಗಳಿಗೆ ಎನ್ರೊಫ್ಲಾಕ್ಸಸಿನ್ ಕೊಡುವುದನ್ನು ನಿಲ್ಲಿಸಿತು. ಪಶುವೈದ್ಯರು ಹಿಕ್ಕೆಯನ್ನೋ ಸತ್ತ ಮರಿಯನ್ನೋ ನೋಡಿ ಹೇಳಿದರೆ ಕೊಡಿ, ಅವರು ಹೇಳಿದಷ್ಟು ದಿನ ಪೂರ್ತಿ ಕೊಡಿ. ಐದಾರು ಮರಿ ಸಾಕುವವರಿಗೆ ಒಂದು ಮರಿಗಾಗಿ ವೈದ್ಯರ ಖರ್ಚು ದುಬಾರಿ ಅನಿಸಬಹುದು. ನೂರು ಮರಿ ಇರುವವರಿಗೆ ಒಂದು ಸತ್ತ ಮರಿಯ ಪರೀಕ್ಷೆಯೇ ಅತಿ ಅಗ್ಗದ ಹೂಡಿಕೆ, ಉಳಿದ ತೊಂಬತ್ತೊಂಬತ್ತಕ್ಕೆ ಏನು ಮಾಡಬೇಕೆಂದು ಅದೇ ಹೇಳುತ್ತದೆ. ಒಂದೇ ದಿನ ಹಲವು ಮರಿ ಸತ್ತರೆ, ಕತ್ತು ತಿರುಚಿದರೆ, ಎಲ್ಲವೂ ಒಟ್ಟಿಗೆ ಏದುಸಿರು ಬಿಟ್ಟರೆ ಇದು ಪೆಟ್ಟಿಗೆಯ ವಿಷಯವಲ್ಲ. ಕೊಕ್ಕರೆ ರೋಗವೋ (ರಾಣಿಖೇತ್) ಹಕ್ಕಿ ಜ್ವರವೋ ಇರಬಹುದು. ಒಂದು ಮರಿಯನ್ನೂ ಎಲ್ಲಿಗೂ ಸಾಗಿಸದೆ ವೈದ್ಯರಿಗೆ ತಿಳಿಸಿ.

ಉಳಿಯಲಾರದ ಮರಿ

ಈ ಆಯ್ಕೆಯ ಬಗ್ಗೆ ಬರೆಯದಿದ್ದರೆ ಓದುವವರಿಗೆ ಮೋಸ ಮಾಡಿದಂತೆ. ಹೊಕ್ಕುಳಿನ ಸೋಂಕಿನಲ್ಲಿ ಹೊಟ್ಟೆ ಊದಿ, ಒದ್ದೆಯಾಗಿ, ಕೊಳೆತ ವಾಸನೆ ಬರುತ್ತಿರುವ ಮರಿ ಉಳಿಯುವುದು ಬಹಳ ಅಪರೂಪ. ಬೂಷ್ಟು ಶ್ವಾಸಕೋಶಕ್ಕಿಳಿದು ಕತ್ತು ಚಾಚಿ ಉಸಿರಿಗೆ ಒದ್ದಾಡುವ ಮರಿಗೂ ನಾವು ಕೊಡಬಹುದಾದ ಮದ್ದಿಲ್ಲ. ಅಲ್ಲಿ ಮಾಡಬೇಕಾದದ್ದು ಹಾಸು ಬದಲಿಸಿ ಉಳಿದವನ್ನು ಕಾಪಾಡುವುದು. ಕಾವು ಕೊಟ್ಟು, ಹನಿ ನೀರು ಕೊಟ್ಟು ಒಂದು ದಿನ ಕಳೆದರೂ ತಲೆ ಎತ್ತದೆ, ನೋವಿನಿಂದ ನರಳುತ್ತಿದ್ದರೆ ಅದರ ನೋವು ಮುಗಿಸುವುದು ಕರುಣೆಯೇ. ನೀರಿನಲ್ಲಿ ಮುಳುಗಿಸುವುದು, ಫ್ರಿಜ್ಜಿನಲ್ಲಿ ಇಡುವುದು ಕ್ರೂರ. ಪಶುವೈದ್ಯರಿಂದಲೋ, ಒಂದೇ ಕ್ಷಣದಲ್ಲಿ ಮುಗಿಸುವುದನ್ನು ಚೆನ್ನಾಗಿ ಬಲ್ಲವರಿಂದಲೋ ಮಾಡಿಸಿ. ಬಿಳಿ ಭೇದಿಯ ಪುಲೋರಮ್ ಖಚಿತವಾದ ಗುಂಪಿನಲ್ಲಿ ಬದುಕಿ ಉಳಿದವೂ ಮುಂದೆ ಮೊಟ್ಟೆಯ ಮೂಲಕ ಮರಿಗಳಿಗೆ ರೋಗ ದಾಟಿಸುತ್ತವೆ. ಅವನ್ನು ಮೊಟ್ಟೆಗೆ, ಮರಿ ಮಾಡಿಸಲು ಇಟ್ಟುಕೊಳ್ಳಬಾರದು.

ನಿಮ್ಮ ಪರಿಸ್ಥಿತಿಗೆ ಯಾವುದು

ನಾಲ್ಕೈದು ಮರಿ, ಮನೆಯಲ್ಲೇ ಇರುವವರು: ಜಾಲರಿಯ ತುಂಡು ಮತ್ತು ಒಂದು ಪೆಟ್ಟಿಗೆ ಎರಡನ್ನೂ ಮರಿ ತರುವ ದಿನವೇ ಸಿದ್ಧವಿಡಿ. ಹಗಲೆಲ್ಲ ಹೊರಗೆ ದುಡಿಯುವವರಿಗೆ ಎರಡು ಗಂಟೆಗೊಮ್ಮೆ ಹನಿ ಹಾಕುವುದು ಆಗದ ಮಾತು. ಹರಡದ ಕಾಯಿಲೆಯಾದರೆ ಪೆಟ್ಟಿಗೆಗಿಂತ ಜಾಲರಿಯ ಮೂಲೆಯೇ ನಿಮಗೆ ಸರಿ, ಅಲ್ಲಿ ಕಾವು ಏರುಪೇರಾಗುವುದು ಕಡಿಮೆ, ಒಂಟಿತನವೂ ಇಲ್ಲ. ನೂರಾರು ಮರಿ ಇರುವವರು ಒಂದೊಂದು ಮರಿಯ ಶುಶ್ರೂಷೆಗೆ ನಿಂತರೆ ಗುಂಪು ಕೈತಪ್ಪುತ್ತದೆ. ಒಂದು ಸಣ್ಣ ಪ್ರತ್ಯೇಕ ಬ್ರೂಡರನ್ನೇ ಆಸ್ಪತ್ರೆಯಾಗಿ ಇಟ್ಟು, ಗುಂಪಿನ ನೀರು, ಹಾಸು, ಕಾವಿನ ಮೇಲೆ ಗಮನವಿಡಿ. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಪೆಟ್ಟಿಗೆ ಅಡುಗೆಮನೆಗೆ, ಮಲಗುವ ಕೋಣೆಗೆ ಬರಬಾರದು. ನೋಡಲು ಆರೋಗ್ಯವಾಗಿರುವ ಮರಿಯಿಂದಲೂ ಸಾಲ್ಮೊನೆಲ್ಲಾ ಮನುಷ್ಯರಿಗೆ ಹರಡುತ್ತದೆ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಆರೋಗ್ಯವಂತ ಮರಿಗಳ ಕೆಲಸ ಮೊದಲು, ಕಾಯಿಲೆಯದು ಕೊನೆಗೆ.

ವಾಪಸ್ ಸೇರಿಸುವುದು ಯಾವಾಗ? ಹಿಕ್ಕೆ ಎರಡು ಮೂರು ದಿನ ಸತತವಾಗಿ ಸರಿಯಿರಬೇಕು. ಮರಿ ತಾನಾಗಿ ತಿನ್ನಬೇಕು. ಪೆಟ್ಟಿಗೆಯ ಕಾವನ್ನು ಗುಂಪಿನ ಕಾವಿಗೆ ಇಳಿಸಿದ ಮೇಲೂ ಒಂದು ರಾತ್ರಿ ಚುರುಕಾಗಿ ಕಳೆದಿರಬೇಕು. ಸಂಗಾತಿಯಿದ್ದರೆ ಎರಡನ್ನೂ ಒಟ್ಟಿಗೇ ಬಿಡಿ. ಬೆಳಕು ಮಂದ ಮಾಡಿ, ಮೇವಿನ ತಟ್ಟೆ ಒಂದು ಹೆಚ್ಚಿಗೆ ಇಡಿ. ಆಮೇಲೆ ಒಂದು ಗಂಟೆ ಅಲ್ಲೇ ಕೂತು ನೋಡಿ. ಒಂದೆರಡು ಕುಕ್ಕು ಸಹಜ. ಅಟ್ಟಿಸಿಕೊಂಡು ಹೋಗಿ ಮತ್ತೆ ಮತ್ತೆ ಕುಕ್ಕಿದರೆ ಜಾಲರಿಯ ಮೂಲೆಗೆ ಹಾಕಿ ಇನ್ನೊಂದು ದಿನ ಕಾಯಿರಿ. ರಾತ್ರಿ ಬ್ರೂಡರಿನ ಒಳಗೆ ಕೈಯಿಟ್ಟು, ಗುಂಪಿನ ನಡುವೆ ಮಲಗಿರುವ ಆ ಮರಿಯ ಪಾದವನ್ನು ಇನ್ನೊಮ್ಮೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮುಚ್ಚಳ ಮುಚ್ಚಿ ನೀವೂ ಮಲಗಬಹುದು.